ದಿನದ ಸುದ್ದಿ ಓದುವ ಕ್ರಮ: ಮುಂಬೈ ಕನ್ನಡಿಗರಿಗೊಂದು ಮಾರ್ಗದರ್ಶಿ

ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಇರುವ ಕನ್ನಡಿಗರ ಫೋನು ಬೆಳಗ್ಗೆ ಏಳಕ್ಕೇ ಶುರುವಾಗುತ್ತದೆ. ಊರಿನ ಗ್ರೂಪಿನಲ್ಲಿ ಕನ್ನಡ, ಸೊಸೈಟಿ ಗ್ರೂಪಿನಲ್ಲಿ ಮರಾಠಿ, ಆಫೀಸಿನ ಗ್ರೂಪಿನಲ್ಲಿ ಇಂಗ್ಲಿಷ್, ಇವೆಲ್ಲದರ ಮಧ್ಯೆ ಹಿಂದಿ ವೀಡಿಯೊಗಳು. ಲೋಕಲ್ ಕುರ್ಲಾ ದಾಟುವಷ್ಟರಲ್ಲಿ ರೆಪೊ ದರ, ಯಾವುದೋ ಮಸೂದೆ, ಎಲ್ಲೋ ಎದ್ದ ಚಂಡಮಾರುತ, ನಿನ್ನೆಯ ಪಂದ್ಯ ಎಲ್ಲ ಕಣ್ಣ ಮುಂದೆ ಹಾದುಹೋಗಿರುತ್ತದೆ. ಇಳಿದ ಮೇಲೆ ಯಾರಾದರೂ "ಏನಾಯ್ತು ಅದು?" ಅಂತ ಕೇಳಿದರೆ ಮಾತ್ರ ತಡವರಿಸುತ್ತೇವೆ.

ನನ್ನ ಪ್ರಕಾರ ಇದಕ್ಕೆ ಕಾರಣ ಒಂದೇ. ಸುದ್ದಿ ಏನು ಅಂತ ನೋಡುತ್ತೇವೆ, ಅದು ಯಾವ ಹಂತದಲ್ಲಿದೆ ಅಂತ ನೋಡುವುದಿಲ್ಲ. ಮಳೆ ಬರುವ ಸಾಧ್ಯತೆ ಬೇರೆ, ಬಿದ್ದ ಮಳೆ ಬೇರೆ. ಮಸೂದೆ ಮಂಡನೆ ಬೇರೆ, ಕಾನೂನು ಜಾರಿ ಬೇರೆ. ಇಷ್ಟನ್ನು ಗಮನಿಸುವ ರೂಢಿ ಬಂದರೆ ದಿನಕ್ಕೆ ಅರ್ಧ ಗಂಟೆ ಸಾಕು, ತಲೆ ಬಿಸಿಯೂ ಕಡಿಮೆ. ನಮಗೆ ಇನ್ನೊಂದು ಅನುಕೂಲವೂ ಇದೆ. ಒಂದೇ ಸುದ್ದಿಯನ್ನು ಮೂರು ಭಾಷೆಯಲ್ಲಿ ಓದಬಲ್ಲವರು ನಾವು. ಬೆಂಗಳೂರಿನಲ್ಲಿ ಕೂತವರಿಗೂ ನಾಗಪುರದಲ್ಲಿ ಕೂತವರಿಗೂ ಅದು ಅಷ್ಟು ಸುಲಭವಲ್ಲ.

ಹೆಜ್ಜೆ 1: ಮೂಲ ಆರಿಸಿ, ಸಮಯ ಗೊತ್ತು ಮಾಡಿ

ಒಂದು ಕನ್ನಡ ಪತ್ರಿಕೆ, ಒಂದು ಮರಾಠಿ, ಒಂದು ಇಂಗ್ಲಿಷ್. ಇಷ್ಟು ಸಾಕು. ಕನ್ನಡಕ್ಕೆ ಪ್ರಜಾವಾಣಿಯೋ ಉದಯವಾಣಿಯೋ ಇರಲಿ, ಮುಂಬೈಯದೇ ಆದ ಕರ್ನಾಟಕ ಮಲ್ಲ ಸಿಕ್ಕರೆ ಅದನ್ನೂ ಸೇರಿಸಿಕೊಳ್ಳಿ, ಏಕೆಂದರೆ ಇಲ್ಲಿನ ಸಂಘ, ಶಾಲೆ, ಸಭೆಗಳ ಸುದ್ದಿ ಬೇರೆ ಎಲ್ಲೂ ಬರುವುದಿಲ್ಲ. ಮರಾಠಿಗೆ ಲೋಕಸತ್ತಾ, ಮಹಾರಾಷ್ಟ್ರ ಟೈಮ್ಸ್; ಪುಣೆಯವರಾದರೆ ಸಕಾಳ್. ಮರಾಠಿ ಓದಲು ಕಷ್ಟ ಅನ್ನುವವರು ಮುಖಪುಟ ಮಾತ್ರ ಓದಿ, ದೇವನಾಗರಿ ಗೊತ್ತಿದ್ದರೆ ಕೆಲವೇ ವಾರದಲ್ಲಿ ಹಿಡಿತ ಬರುತ್ತದೆ.

ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ರಾತ್ರಿ ಒಂಬತ್ತರ ಟಿವಿ ಚರ್ಚೆ ಬಿಟ್ಟುಬಿಡಿ, ಅದರಲ್ಲಿ ಸುದ್ದಿ ಇರುವುದು ಬಹಳ ಕಡಿಮೆ. ನೋಟಿಫಿಕೇಶನ್‌ಗಳಲ್ಲಿ ಮಳೆ ಮತ್ತು ರೈಲಿನದ್ದು ಇಟ್ಟುಕೊಂಡು ಉಳಿದವನ್ನು ಆಫ್ ಮಾಡಿ.

ಹೆಜ್ಜೆ 2: ಎಷ್ಟು ಗಂಟೆಯ ಸುದ್ದಿ ಅಂತ ನೋಡಿ

ಪೇಪರು ಮಧ್ಯರಾತ್ರಿ ಹೊತ್ತಿಗೆ ಮುದ್ರಣಕ್ಕೆ ಹೋಗುತ್ತದೆ. ಅಂದರೆ ಬೆಳಗ್ಗೆ ಕೈಗೆ ಬರುವಾಗ ಅದಕ್ಕೆ ಆರೇಳು ಗಂಟೆ ವಯಸ್ಸಾಗಿರುತ್ತದೆ. 2019ರ ನವೆಂಬರ್ 23 ಮುಂಬೈಯವರಿಗೆ ನೆನಪಿರಬೇಕು. ಉದ್ಧವ್ ಠಾಕ್ರೆ ಮುಖ್ಯಮಂತ್ರಿ ಆಗುತ್ತಾರೆ ಅಂತ ಬೆಳಗಿನ ಪತ್ರಿಕೆಗಳ ಮುಖಪುಟದಲ್ಲಿತ್ತು. ಅದನ್ನು ಓದಿ ಮುಗಿಸುವ ಮೊದಲೇ ರಾಜಭವನದಲ್ಲಿ ದೇವೇಂದ್ರ ಫಡಣವೀಸ್ ಪ್ರಮಾಣ ವಚನ ತಗೊಂಡಾಗಿತ್ತು, ಜೊತೆಗೆ ಅಜಿತ್ ಪವಾರ್. ಮೂರು ದಿನದ ನಂತರ, 26ಕ್ಕೆ, ಫಡಣವೀಸ್ ರಾಜೀನಾಮೆ. 28ಕ್ಕೆ ಉದ್ಧವ್ ಪ್ರಮಾಣ ವಚನ. ಪತ್ರಿಕೆಗಳು ಬರೆದದ್ದು ಆ ಹೊತ್ತಿಗೆ ಸರಿಯೇ ಇತ್ತು, ಆಮೇಲೆ ಗಂಟೆ ಬದಲಾಯಿತು.

ಅದಕ್ಕೇ ಯಾವ ಸುದ್ದಿಯಾದರೂ ಮೊದಲು ದಿನ ಮತ್ತು ಗಂಟೆ ನೋಡಿ. ವೆಬ್‌ಸೈಟಿನಲ್ಲಾದರೆ ಪ್ರಕಟವಾದ ಸಮಯ, ಅಪ್‌ಡೇಟ್ ಆದ ಸಮಯ ಎರಡೂ ಇರುತ್ತವೆ. ಗ್ರೂಪಿಗೆ ಬಂದ ವೀಡಿಯೊಗೆ ಇವೆರಡೂ ಇರುವುದಿಲ್ಲ, ಅದೇ ಅದರ ದೊಡ್ಡ ದೋಷ.

ಆಮೇಲೆ ಹೇಳಿದವರು ಯಾರು ನೋಡಿ. ಹೆಸರು ಹೇಳಿ ಮಾತಾಡಿದ ಅಧಿಕಾರಿಯೇ, ಲಿಖಿತ ಆದೇಶವೇ, ಇಲ್ಲಾ ಬರೀ "ಮೂಲಗಳು ತಿಳಿಸಿವೆ" ಅಂತಲೇ? ತಲೆಬರಹದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಬರೆದವರಿಗೂ ಖಾತ್ರಿ ಇಲ್ಲ ಅಂತಲೇ ಲೆಕ್ಕ. ಸಂಜೆವರೆಗೆ ಕಾಯಿರಿ.

ಹೆಜ್ಜೆ 3: ಮಳೆಯ ಸುದ್ದಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯಲ್ಲಿ ಇದಕ್ಕಿಂತ ಮುಖ್ಯವಾದ ಸುದ್ದಿ ಇಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹವಾಮಾನ ಇಲಾಖೆ ನಾಲ್ಕು ಬಣ್ಣ ಬಳಸುತ್ತದೆ. ಹಸಿರು ಅಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಅಂದರೆ ಗಮನ ಇಟ್ಟಿರಿ. ಕಿತ್ತಳೆ ಅಂದರೆ ತಯಾರಿ ಮಾಡಿಕೊಳ್ಳಿ. ಕೆಂಪು ಅಂದರೆ ಈಗಲೇ ಏನಾದರೂ ಮಾಡಿ. ಇದರ ಹಿಂದೆ ಅಳತೆಯೂ ಇದೆ. 24 ಗಂಟೆಯಲ್ಲಿ 64.5 ಮಿಲಿಮೀಟರ್‌ನಿಂದ 115.5ರವರೆಗೆ ಬಿದ್ದರೆ ಭಾರಿ ಮಳೆ, 204.4ರವರೆಗೆ ಅತಿ ಭಾರಿ, ಅದಕ್ಕೂ ಮೇಲೆ ಹೋದರೆ ವಿಪರೀತ ಮಳೆ. ಈ ಮೂರು ಗಡಿ ನೆನಪಿದ್ದರೆ ಪೇಪರಿನ ಅಂಕಿ ನೋಡಿದ ಕೂಡಲೇ ಅಂದಾಜು ಸಿಗುತ್ತದೆ.

24 ಗಂಟೆ ಅಂದರೆ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಸಂಜೆ ಮಳೆಯಲ್ಲಿ ನೆನೆದು ಮನೆಗೆ ಬಂದು, ಮರುದಿನ ಪೇಪರಿನಲ್ಲಿ ಸಣ್ಣ ಅಂಕಿ ಕಂಡು "ಸುಳ್ಳು ಹೇಳುತ್ತಿದ್ದಾರೆ" ಅನ್ನುತ್ತಾರೆ. ಆ ಅಂಕಿ ಅದರ ಹಿಂದಿನ ಬೆಳಗ್ಗೆಗೇ ಮುಗಿದಿರಬಹುದು.

ಇನ್ನೊಂದು ವಿಷಯ, "ಮುಂಬೈಯಲ್ಲಿ ಇಷ್ಟು ಮಳೆ" ಅಂತ ಬರೆದಾಗ ಎಲ್ಲಿನ ಅಳತೆ ಅಂತ ಕೇಳಿ. ನಗರಕ್ಕೆ ಎರಡು ಮುಖ್ಯ ಅಳತೆ ಕೇಂದ್ರಗಳಿವೆ, ಕೊಲಾಬಾ ಮತ್ತು ಸಾಂತಾಕ್ರೂಜ್. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿಯಿತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73. ಒಂದೇ ಊರು, ಒಂದೇ ದಿನ. ದಕ್ಷಿಣದ ಕಚೇರಿಗಳಲ್ಲಿ ಕೂತವರಿಗೆ ಉಪನಗರಗಳಲ್ಲಿ ಏನಾಗುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ರೈಲು ನಿಂತಾಗಿತ್ತು, ಕುತ್ತಿಗೆಮಟ್ಟದ ನೀರಿನಲ್ಲಿ ಜನ ನಡೆಯುತ್ತಿದ್ದರು. ಸಾವಿರಕ್ಕೂ ಹೆಚ್ಚು ಜೀವ ಹೋಯಿತು ಆ ಮಳೆಗೆ, ರಾಜ್ಯದ ಲೆಕ್ಕದಲ್ಲಿ. ನಿಮ್ಮ ಮನೆ, ನಿಮ್ಮ ಆಫೀಸು ಯಾವ ಕೇಂದ್ರಕ್ಕೆ ಹತ್ತಿರ ಅಂತ ಇವತ್ತೇ ನೋಡಿಟ್ಟುಕೊಳ್ಳಿ.

ಮೂರನೆಯದು ಭರತ, ಅಂದರೆ ಸಮುದ್ರದ ನೀರು ಏರುವ ಹೊತ್ತು. ಮುಂಬೈಯ ಮಳೆನೀರು ಕೊನೆಗೆ ಸಮುದ್ರಕ್ಕೇ ಹೋಗಬೇಕು. ಹಳೆಯ ಚರಂಡಿಗಳ ಬಾಯಿ ಎಷ್ಟೋ ಕಡೆ ಭರತದ ಮಟ್ಟಕ್ಕಿಂತ ಕೆಳಗಿದೆ. ಭರತ 4.5 ಮೀಟರ್‌ಗಿಂತ ಮೇಲೇರಿದಾಗಲೇ ಜೋರು ಮಳೆಯೂ ಸೇರಿದರೆ ನೀರು ಹೊರಗೆ ಹೋಗಲು ದಾರಿ ಇರುವುದಿಲ್ಲ. ಹಾಜಿ ಅಲಿ, ಲವ್‌ಗ್ರೋವ್, ಇರ್ಲಾದಂಥ ಕಡೆ ಪಂಪಿಂಗ್ ಸ್ಟೇಷನ್ ಕಟ್ಟಿರುವುದು ಇದಕ್ಕೇ. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್, ಸಯನ್ ಇವು ತಗ್ಗು ಜಾಗಗಳು. ಮಾಟುಂಗಾದಲ್ಲಿ ಹೋಟೆಲ್ ನಡೆಸುವ ನಮ್ಮವರನ್ನು ಕೇಳಿ ನೋಡಿ, ಭರತದ ಗಂಟೆ ಬಾಯಿಪಾಠ ಇರುತ್ತದೆ. ಮಹಾನಗರ ಪಾಲಿಕೆ ಮಳೆಗಾಲಕ್ಕೆ ಮೊದಲೇ ದೊಡ್ಡ ಭರತದ ದಿನಗಳ ಪಟ್ಟಿ ಕೊಡುತ್ತದೆ. ಅದನ್ನು ಫೋನಿನಲ್ಲಿ ಉಳಿಸಿಡಿ. ಬೆಳಗ್ಗೆ ಮಾಡಬೇಕಾದ್ದು ಇಷ್ಟೇ: ಬಣ್ಣ ಯಾವುದು, ಭರತ ಎಷ್ಟು ಗಂಟೆಗೆ, ಎಷ್ಟು ಮೀಟರ್. ಕಿತ್ತಳೆ ಅಥವಾ ಕೆಂಪು ಇದ್ದು, ಭರತ ನೀವು ಮನೆಗೆ ಮರಳುವ ಹೊತ್ತಿಗೇ ಇದ್ದರೆ, ಹೊರಡುವ ಸಮಯ ಬದಲಿಸಿ.

ಫೋನಿನಲ್ಲಿ ಮೌಸಮ್ ಆ್ಯಪ್, ಸಿಡಿಲಿಗೆ ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ ದಾಮಿನಿ, ವಿಪತ್ತು ಪ್ರಾಧಿಕಾರದ ಸಚೇತ್ ಇರಲಿ. ಪಾಲಿಕೆಯ ಸಹಾಯವಾಣಿ 1916, ತುರ್ತಿಗೆ 112. ಊರಿಗೆ ಹೊರಟವರು ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಬೇರೆ ಇರುತ್ತದೆ ಅನ್ನುವುದನ್ನು ಮರೆಯಬೇಡಿ. 2024ರ ಜುಲೈನಲ್ಲಿ ಗೋವಾದ ಪೆರ್ನೆಂ ಸುರಂಗಕ್ಕೆ ನೀರು ನುಗ್ಗಿ, ಕೆಲವು ರೈಲುಗಳನ್ನು ಪುಣೆ, ಮೀರಜ್, ಲೋಂಡಾ ಮೇಲೆ ಸುತ್ತಿಸಿ ಕಳಿಸಿದ್ದರು. ಇಂಥ ದಿನ ರೈಲ್ವೆಯ ಪ್ರಕಟಣೆ ಮಾತ್ರ ನಂಬಿ.

ಹೆಜ್ಜೆ 4: ದುರಂತದ ಅಂಕಿಗಳನ್ನು ತಕ್ಷಣ ಹಂಚಬೇಡಿ

ಅಪಘಾತ, ಭೂಕಂಪ, ಪ್ರವಾಹ, ಯಾವುದೇ ಇರಲಿ, ಮೊದಲ ದಿನದ ಸಾವಿನ ಸಂಖ್ಯೆ ಕೊನೆಯದಾಗಿರುವುದಿಲ್ಲ. ಸಾಮಾನ್ಯವಾಗಿ ಏರುತ್ತದೆ, ಕೆಲವೊಮ್ಮೆ ಇಳಿಯುತ್ತದೆ. ಒಡಿಶಾದ ಬಾಲಸೋರ್ ರೈಲು ದುರಂತ ನಡೆದದ್ದು 2023ರ ಜೂನ್ 2ರಂದು. ಮೊದಲು 288 ಅಂದರು. ಎರಡು ದಿನದ ನಂತರ ಕೆಲವು ಶವಗಳನ್ನು ಎರಡು ಸಲ ಎಣಿಸಲಾಗಿದೆ ಅಂತ 275ಕ್ಕೆ ಇಳಿಸಿದರು. ಮತ್ತೆ ಜಿಲ್ಲೆಗಳಿಂದ, ಆಸ್ಪತ್ರೆಗಳಿಂದ ಲೆಕ್ಕ ಬಂದು 288ಕ್ಕೇ ಹೋಯಿತು. ಆಮೇಲೆ ಇನ್ನೂ ಏರಿತು. ಆಗ ಎಷ್ಟೋ ಜನ "ಮುಚ್ಚಿಡುತ್ತಿದ್ದಾರೆ" ಅಂತ ಬರೆದರು. ಆದರೆ ಗುರುತೇ ಸಿಗದ ದೇಹಗಳನ್ನು ಬೇರೆ ಬೇರೆ ಆಸ್ಪತ್ರೆಗಳಲ್ಲಿ ಎಣಿಸುವಾಗ ಹೀಗಾಗುತ್ತದೆ. ಪ್ರತಿ ಅಂಕಿಯ ಹಿಂದೆ ಒಂದು ಮನೆ ಇದೆ, ಅದಕ್ಕೇ ನಾವು ನಿಧಾನ ಮಾಡಬೇಕು.

ಭೂಕಂಪದ ತೀವ್ರತೆಯೂ ಹಾಗೇ. ಮೊದಲ ಅಂಕಿಯನ್ನು ಆಮೇಲೆ ತಿದ್ದುತ್ತಾರೆ, ಭಾರತದ ಸಂಸ್ಥೆ ಒಂದು ಹೇಳಿದರೆ ಅಮೆರಿಕದ ಸಂಸ್ಥೆ ಸ್ವಲ್ಪ ಬೇರೆ ಹೇಳಬಹುದು. ತೀವ್ರತೆಯಷ್ಟೇ ಆಳವೂ ಮುಖ್ಯ, ನೆಲಕ್ಕೆ ಹತ್ತಿರ ನಡುಗಿದರೆ ಹಾನಿ ಜಾಸ್ತಿ. ಇನ್ನು "ಇವತ್ತು ರಾತ್ರಿ ಭೂಕಂಪ ಆಗುತ್ತದೆ" ಅನ್ನುವ ಮೆಸೇಜ್ ಬಂದರೆ ಅಳಿಸಿಬಿಡಿ. ದಿನ, ಗಂಟೆ ಹೇಳಿ ಭೂಕಂಪ ಮುನ್ಸೂಚನೆ ಕೊಡುವ ವಿಜ್ಞಾನ ಇನ್ನೂ ಇಲ್ಲ.

ಹೆಜ್ಜೆ 5: ನದಿ ಮತ್ತು ಗಡಿ, ಎರಡು ಭಾಷೆಯಲ್ಲಿ ಓದಲೇಬೇಕಾದ ಸುದ್ದಿ

ಇದು ನನಗೆ ತುಂಬ ಮುಖ್ಯ ಅನ್ನಿಸುವ ಭಾಗ. ಮಹಾರಾಷ್ಟ್ರದಲ್ಲಿ ಬದುಕುವ ಕನ್ನಡಿಗರಿಗೆ ಇದು ಬರೀ ಸುದ್ದಿಯಲ್ಲ, ನೆರೆಮನೆಯವರ ಜೊತೆಗಿನ ಸಂಬಂಧದ ಪ್ರಶ್ನೆ.

ಆಗಸ್ಟ್‌ನಲ್ಲಿ ಕೃಷ್ಣಾ ತುಂಬಿದಾಗ ಏನಾಗುತ್ತದೆ ಗಮನಿಸಿ. ಮಹಾರಾಷ್ಟ್ರ ಕೊಯ್ನಾದಿಂದ ನೀರು ಬಿಟ್ಟಿದೆ, ಚಿಕ್ಕೋಡಿ ಕಡೆಯ ಸೇತುವೆಗಳು ಮುಳುಗಿವೆ ಅಂತ ಕನ್ನಡ ಪತ್ರಿಕೆ. ಆಲಮಟ್ಟಿಯಲ್ಲಿ ನೀರು ಹಿಡಿದಿಟ್ಟಿದ್ದಾರೆ, ಸಾಂಗ್ಲಿ, ಕೊಲ್ಹಾಪುರಕ್ಕೆ ಹಿನ್ನೀರು ಅಂತ ಮರಾಠಿ ಪತ್ರಿಕೆ. ನೀರು ಒಂದೇ, ಕಥೆ ಎರಡು. ಬರೀ ಒಂದು ಕಥೆ ಓದಿದವರು ಇನ್ನೊಂದು ಕಡೆಯವರನ್ನು ಬೈಯುತ್ತಾರೆ. ನೀವು ಎರಡೂ ಓದಬಲ್ಲಿರಿ, ಹಾಗಾಗಿ ಕಥೆ ಬದಿಗಿಟ್ಟು ಈ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ:

ಕೊಯ್ನಾದಿಂದ ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ ನೀರು) ಬಿಡುತ್ತಿದ್ದಾರೆ. ಸಾಂಗ್ಲಿಯ ಇರ್ವಿನ್ ಸೇತುವೆ ಹತ್ತಿರ ನೀರು ಎಷ್ಟು ಅಡಿ, ಅಲ್ಲಿ 40 ಅಡಿ ಎಚ್ಚರಿಕೆಯ ಮಟ್ಟ, 45 ಅಪಾಯದ ಮಟ್ಟ. ಕೊಲ್ಹಾಪುರದ ರಾಜಾರಾಮ್ ಬಂಧಾರದಲ್ಲಿ ಪಂಚಗಂಗೆ ಎಷ್ಟು ಅಡಿ, ಅಲ್ಲಿ 39 ಮತ್ತು 43. ರಾಜಾಪುರ ಬ್ಯಾರೇಜ್ ದಾಟಿ ಕರ್ನಾಟಕಕ್ಕೆ ಬರುತ್ತಿರುವುದು ಎಷ್ಟು. ಆಲಮಟ್ಟಿಗೆ ಒಳಹರಿವು ಎಷ್ಟು, ಹೊರಹರಿವು ಎಷ್ಟು, ಮಟ್ಟ ಎಷ್ಟು ಮೀಟರ್. ಅಲ್ಲಿನ ಪೂರ್ಣ ಮಟ್ಟ 519.60 ಮೀಟರ್.

ಒಂದು ಲೆಕ್ಕ ಗೊತ್ತಿದ್ದರೆ ಎಲ್ಲ ಸುಲಭ. ಒಂದು ಲಕ್ಷ ಕ್ಯೂಸೆಕ್ ನೀರು ಇಡೀ ದಿನ ಹರಿದರೆ ಸುಮಾರು 8.6 ಟಿಎಂಸಿ, ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಆಲಮಟ್ಟಿಯ ಒಟ್ಟು ಸಾಮರ್ಥ್ಯ 123 ಟಿಎಂಸಿ, ಕೊಯ್ನಾದ್ದು 105. ಈಗ ಪೇಪರಿನಲ್ಲಿ "ಎರಡು ಲಕ್ಷ ಕ್ಯೂಸೆಕ್ ಒಳಹರಿವು" ಅಂತ ನೋಡಿದರೆ ಆಲಮಟ್ಟಿ ಎಷ್ಟು ದಿನದಲ್ಲಿ ತುಂಬಬಹುದು ಅಂತ ನೀವೇ ಲೆಕ್ಕ ಹಾಕಬಹುದು. ಹೊರಹರಿವು ಒಳಹರಿವಿಗಿಂತ ಜಾಸ್ತಿ ಇದ್ದರೆ ಅಲ್ಲಿ ನೀರು ಹಿಡಿದಿಡುತ್ತಿಲ್ಲ, ಇಳಿಸುತ್ತಿದ್ದಾರೆ ಅಂತ ಅರ್ಥ. ನೆರೆಯವರು ಸಿಟ್ಟಿನಿಂದ ಕೇಳಿದಾಗ ಜಗಳ ಮಾಡುವ ಬದಲು ಈ ಹಾಳೆ ತೋರಿಸಿ. ಅಂಕಿ ಅವರ ಕಡೆ ಇದ್ದರೆ ಅದನ್ನೂ ಒಪ್ಪಿ.

ಆಲಮಟ್ಟಿ ಎತ್ತರದ ಸುದ್ದಿಗೂ ಹಂತ ನೋಡಿ. ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಆದರೆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ತೀರ್ಪು ಗೆಜೆಟ್‌ನಲ್ಲಿ ಪ್ರಕಟವಾಗದೆ ವರ್ಷಗಟ್ಟಲೆ ನಿಂತಿತು. "ಎತ್ತರ ಏರಿಸಿಯೇ ಸಿದ್ಧ" ಅಂತ ಒಬ್ಬ ನಾಯಕರು ಅಂದರೂ, "ಬಿಡುವುದಿಲ್ಲ" ಅಂತ ಇನ್ನೊಬ್ಬರು ಅಂದರೂ, ಹಂತ ಬದಲಾಗುವುದು ಗೆಜೆಟ್ ಅಥವಾ ಕೋರ್ಟಿನಿಂದ. ಗೋವಾದಲ್ಲಿ ಇರುವವರಿಗೆ ಮಹದಾಯಿ ಇದೇ ಥರ. ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು, 2020ರಲ್ಲಿ ಗೆಜೆಟ್ ಆಯಿತು, ಆದರೂ ಕಾಮಗಾರಿಗೆ ಅರಣ್ಯ, ವನ್ಯಜೀವಿ ಅನುಮತಿ ಬೇಕು. ಅಲ್ಲಿ ಕೊಂಕಣಿ, ಮರಾಠಿ ಪತ್ರಿಕೆ ಓದದೆ ಬರೀ ಹುಬ್ಬಳ್ಳಿ ಆವೃತ್ತಿ ಓದಿದರೆ ಗೋವಾದವರ ಭಯ ಏನು ಅಂತಲೇ ಗೊತ್ತಾಗುವುದಿಲ್ಲ.

ಬೆಳಗಾವಿ ಗಡಿ ವಿಷಯ ಬಿಸಿಯಾದಾಗ ಇನ್ನೂ ಜಾಗ್ರತೆ ಬೇಕು. ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ, ಪ್ರಕರಣ ಅಲ್ಲೇ ಇದೆ. 2022ರ ಡಿಸೆಂಬರ್‌ನಲ್ಲಿ ಬೆಳಗಾವಿ ಬಳಿ ಮಹಾರಾಷ್ಟ್ರದ ವಾಹನಗಳ ಮೇಲೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸಿಗೆ ಮಸಿ ಬಳಿದರು, ಕೆಲವು ಬಸ್ ಸಂಚಾರ ನಿಂತಿತು. ಅಂಥ ಹೊತ್ತಿನಲ್ಲಿ ಹಳೆಯ ವೀಡಿಯೊಗಳು ಹೊಸ ತಲೆಬರಹ ಹಾಕಿಕೊಂಡು ಓಡಾಡುತ್ತವೆ. ವೀಡಿಯೊದಲ್ಲಿ ಅಂಗಡಿ ಬೋರ್ಡು, ಬಸ್ಸಿನ ನಂಬರು, ರಸ್ತೆ ಒದ್ದೆಯೋ ಒಣಗಿದೆಯೋ, ಜನ ಸ್ವೆಟರ್ ಹಾಕಿದ್ದಾರೋ ನೋಡಿ. ಮೇ ತಿಂಗಳ ಘಟನೆ ಅಂತ ಹೇಳಿ ರಸ್ತೆ ತುಂಬ ನೀರು ನಿಂತಿದ್ದರೆ ಅನುಮಾನ ಪಡಿ. ಒಂದು ಫ್ರೇಮ್ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ, ಹಳೆಯದಾದರೆ ಬಹಳ ಸಲ ಅಲ್ಲೇ ಸಿಕ್ಕಿಬಿಡುತ್ತದೆ. ಬಸ್ ಇದೆಯೋ ಇಲ್ಲವೋ ಅನ್ನುವುದಕ್ಕೆ ಸಾರಿಗೆ ಸಂಸ್ಥೆಗೇ ಫೋನ್ ಮಾಡಿ.

ಹೆಜ್ಜೆ 6: ಹಣದ ಸುದ್ದಿ

ಮೊದಲು ಲೆಕ್ಕದ ಭಾಷೆ. ಒಂದು ಮಿಲಿಯನ್ ಅಂದರೆ 10 ಲಕ್ಷ. ಒಂದು ಬಿಲಿಯನ್ ಅಂದರೆ 100 ಕೋಟಿ. ಒಂದು ಟ್ರಿಲಿಯನ್ ಅಂದರೆ ಲಕ್ಷ ಕೋಟಿ. ಇಂಗ್ಲಿಷ್ ಸುದ್ದಿಯನ್ನು ಅವಸರದಲ್ಲಿ ಕನ್ನಡಕ್ಕೆ ತಂದಾಗ ಇಲ್ಲೇ ಸೊನ್ನೆ ಜಾರುತ್ತದೆ.

ಷೇರು ಮಾರುಕಟ್ಟೆಯ ಸುದ್ದಿಯಲ್ಲಿ ಅಂಶ ನೋಡಬೇಡಿ, ಶೇಕಡಾ ನೋಡಿ. 2024ರ ಜೂನ್ 4ರಂದು, ಲೋಕಸಭೆ ಫಲಿತಾಂಶದ ದಿನ, ಸೆನ್ಸೆಕ್ಸ್ ಸುಮಾರು 4,390 ಅಂಶ ಕುಸಿಯಿತು. 2020ರ ಮಾರ್ಚ್ 23ರಂದು, ಕೊರೊನಾ ಶುರುವಿನಲ್ಲಿ, ಕುಸಿದದ್ದು ಸುಮಾರು 3,935 ಅಂಶ. ಯಾವುದು ದೊಡ್ಡ ಹೊಡೆತ? ಎರಡನೆಯದು. ಅವತ್ತು ಶೇ 13ಕ್ಕೂ ಜಾಸ್ತಿ ಬಿದ್ದಿತ್ತು, 2024ರಲ್ಲಿ ಶೇ 6ರೊಳಗೆ. ಸೂಚ್ಯಂಕ ಮೇಲೇರಿದಷ್ಟೂ ಅಂಶಗಳ ಅಂಕಿ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಅದೂ ಅಲ್ಲದೆ ಸೆನ್ಸೆಕ್ಸ್ ಅಂದರೆ 30 ಕಂಪನಿ, ನಿಫ್ಟಿ ಅಂದರೆ 50. ದೇಶದ ಪೂರ್ತಿ ಆರ್ಥಿಕತೆ ಅಲ್ಲ.

ರೆಪೊ ದರದ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಯ, ಸುದ್ದಿ ನಮ್ಮ ಜೇಬಿಗೆ ನೇರ ತಗಲುತ್ತದೆ. ಫೋರ್ಟ್‌ನಲ್ಲಿರುವ ರಿಸರ್ವ್ ಬ್ಯಾಂಕಿನ ಆರು ಜನರ ಸಮಿತಿ ಎರಡು ತಿಂಗಳಿಗೊಮ್ಮೆ ಸೇರುತ್ತದೆ. ಮೂರು ದಿನದ ಸಭೆ, ಕೊನೆಯ ದಿನ ಬೆಳಗ್ಗೆ 10ಕ್ಕೆ ಗವರ್ನರ್ ಪ್ರಕಟಿಸುತ್ತಾರೆ. ತಾರೀಖುಗಳ ಪಟ್ಟಿ ವರ್ಷದ ಶುರುವಿನಲ್ಲೇ ಬರುತ್ತದೆ, ಹಾಗಾಗಿ ಅದಕ್ಕೆ ಮೊದಲು ಬರುವ "ಬಡ್ಡಿ ಇಳಿಕೆ?" ಸುದ್ದಿಗಳೆಲ್ಲ ಊಹೆ. 25 ಬೇಸಿಸ್ ಪಾಯಿಂಟ್ ಅಂದರೆ ಶೇ 0.25. ಇಳಿಸಿದ್ದಾರೆ ಅಂತ ಓದಿದ ಕೂಡಲೇ ಕಂತು ಕಡಿಮೆಯಾಗುವುದಿಲ್ಲ. 2019ರ ಅಕ್ಟೋಬರ್ ನಂತರ ಬ್ಯಾಂಕಿನಲ್ಲಿ ಬದಲಾಗುವ ಬಡ್ಡಿಗೆ ತಗೊಂಡ ಗೃಹಸಾಲ ಹೊರಗಿನ ದರಕ್ಕೆ, ಹೆಚ್ಚಾಗಿ ರೆಪೊಗೆ, ಜೋಡಣೆಯಾಗಿರುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಬ್ಯಾಂಕು ಅದನ್ನು ಮರುಹೊಂದಿಸಬೇಕು. ಅದಕ್ಕೂ ಹಳೆಯ ಸಾಲವಾದರೆ, ಅಥವಾ ಹೌಸಿಂಗ್ ಫೈನಾನ್ಸ್ ಕಂಪನಿಯದ್ದಾದರೆ, ಲೆಕ್ಕ ಬೇರೆ. ನಿಮ್ಮ ಸಾಲದ ಪತ್ರ ತೆಗೆದು ಯಾವ ದರಕ್ಕೆ ಜೋಡಣೆ ಆಗಿದೆ, ಮರುಹೊಂದಿಕೆ ಯಾವ ತಿಂಗಳು ಅಂತ ನೋಡಿ. ಕಂತು ಇಳಿಯದೆ ತಿಂಗಳುಗಳ ಸಂಖ್ಯೆ ಇಳಿಯುವುದೂ ಉಂಟು, ಆಗ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ.

ಹಣದುಬ್ಬರ ಶೇ 5ರಿಂದ 4ಕ್ಕೆ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತ ತಿಳಿಯಬೇಡಿ. ಏರುವ ವೇಗ ಕಡಿಮೆಯಾಯಿತು, ಅಷ್ಟೇ. ಚಿನ್ನದ ಬೆಲೆ ಓದುವಾಗ 24 ಕ್ಯಾರೆಟ್ಟೋ 22ಓ, 10 ಗ್ರಾಮಿನದೋ 1 ಗ್ರಾಮಿನದೋ, ಶೇ 3ರ ಜಿಎಸ್‌ಟಿ ಸೇರಿದೆಯೋ ನೋಡಿ. ಮಜೂರಿ ಅಂತೂ ಸೇರಿರುವುದಿಲ್ಲ.

ಹೆಜ್ಜೆ 7: ರಾಜಕೀಯ

ಮಸೂದೆಯ ದಾರಿ ಉದ್ದ. ಮಂಡನೆ, ಕೆಲವೊಮ್ಮೆ ಸಮಿತಿ, ಒಂದು ಸದನ, ಇನ್ನೊಂದು ಸದನ, ರಾಷ್ಟ್ರಪತಿ ಅಂಕಿತ, ಗೆಜೆಟ್, ಜಾರಿಯ ದಿನಾಂಕ, ಕೊನೆಗೆ ನಿಯಮ. ಪೌರತ್ವ ತಿದ್ದುಪಡಿ ಕಾಯ್ದೆ 2019ರ ಡಿಸೆಂಬರ್‌ನಲ್ಲಿ ಪಾಸಾಯಿತು, ನಿಯಮ ಬಂದದ್ದು 2024ರ ಮಾರ್ಚ್‌ನಲ್ಲಿ. ಮಹಿಳಾ ಮೀಸಲಾತಿ 2023ರ ಸೆಪ್ಟೆಂಬರ್‌ನಲ್ಲಿ ಪಾಸಾದರೂ 2024ರ ಚುನಾವಣೆ ಅದಿಲ್ಲದೆಯೇ ನಡೆಯಿತು, ಏಕೆಂದರೆ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಅಂತ ಅದರಲ್ಲೇ ಬರೆದಿತ್ತು. ಹಾಗಾಗಿ "ಹೊಸ ಕಾನೂನು" ಅನ್ನುವ ಸುದ್ದಿ ಬಂದಾಗ ಯಾವ ಮೆಟ್ಟಿಲಲ್ಲಿದೆ ಅಂತ ಹುಡುಕಿ. ಇಂಗ್ಲಿಷ್ ಓದುವವರಿಗೆ ಶಾಸನಗಳನ್ನು ಅಧ್ಯಯನ ಮಾಡುವ ಸಂಸ್ಥೆಯಾದ ಪಿಆರ್‌ಎಸ್ ವೆಬ್‌ಸೈಟಿನಲ್ಲಿ ಪ್ರತಿ ಮಸೂದೆಯ ಸ್ಥಿತಿ ಸಿಗುತ್ತದೆ.

ಕೋರ್ಟಿನ ಸುದ್ದಿಯಲ್ಲಿ ನ್ಯಾಯಮೂರ್ತಿಗಳು ವಿಚಾರಣೆ ವೇಳೆ ಕೇಳಿದ ಪ್ರಶ್ನೆಯನ್ನೇ ತೀರ್ಪು ಅನ್ನುವಂತೆ ಬರೆಯುತ್ತಾರೆ. ಬಾಯಿಮಾತು, ಮಧ್ಯಂತರ ಆದೇಶ, ಅಂತಿಮ ತೀರ್ಪು, ಮೂರೂ ಬೇರೆ.

ಚುನಾವಣೆ ಸಮಯದಲ್ಲಿ ಬಹುಮತದ ಅಂಕಿ ನೆನಪಿರಲಿ: ಲೋಕಸಭೆ 543ರಲ್ಲಿ 272, ಮಹಾರಾಷ್ಟ್ರ 288ರಲ್ಲಿ 145, ಕರ್ನಾಟಕ 224ರಲ್ಲಿ 113, ಗೋವಾ 40ರಲ್ಲಿ 21. ಮತಗಟ್ಟೆ ಸಮೀಕ್ಷೆ ಫಲಿತಾಂಶ ಅಲ್ಲ. 2024ರಲ್ಲಿ ಹೆಚ್ಚಿನ ಸಮೀಕ್ಷೆಗಳು ಆಡಳಿತ ಮೈತ್ರಿಕೂಟಕ್ಕೆ ಭಾರಿ ಬಹುಮತ ಹೇಳಿದ್ದವು, ಬಂದದ್ದು 293, ಬಿಜೆಪಿಗೆ 240. ಎಣಿಕೆ ದಿನ ಚುನಾವಣಾ ಆಯೋಗದ ವೆಬ್‌ಸೈಟ್ ತೆರೆದಿಡಿ. "ಮುನ್ನಡೆ" ಮತ್ತು "ಗೆಲುವು" ಅಲ್ಲಿ ಬೇರೆ ಬೇರೆ ಕಾಲಂನಲ್ಲಿ ಇರುತ್ತವೆ.

ಹೆಜ್ಜೆ 8: ಹೊರದೇಶದ ಸುದ್ದಿ

ಅಮೆರಿಕದ ಕೇಂದ್ರ ಬ್ಯಾಂಕ್ ಬಡ್ಡಿ ದರ ಹೇಳುವಾಗ ನಮಗೆ ರಾತ್ರಿ 11.30 ಅಥವಾ 12.30. ಹಾಗಾಗಿ ಬೆಳಗಿನ ಪೇಪರಿನಲ್ಲಿ ಅದು ಎಷ್ಟೋ ಸಲ ಇರುವುದಿಲ್ಲ, ಮಾರುಕಟ್ಟೆ 9.15ಕ್ಕೆ ತೆರೆದಾಗ ಮಾತ್ರ ಪರಿಣಾಮ ಕಾಣುತ್ತದೆ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ ನಿರ್ಣಯ ಮಾಡಿತು ಅಂದರೆ ದೇಶಗಳು ಪಾಲಿಸಲೇಬೇಕು ಅಂತಿಲ್ಲ.

ಯುದ್ಧದ ರಾತ್ರಿಗಳಲ್ಲಿ ಟಿವಿ ಆಫ್ ಮಾಡಿ ಮಲಗುವುದೇ ಒಳ್ಳೆಯದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. 2025ರ ಮೇ ತಿಂಗಳಲ್ಲಿ ಕರಾಚಿ ಬಂದರು ನಾಶವಾಯಿತು ಅಂತ ರಾತ್ರಿ ಸುದ್ದಿ ಓಡಿತು, ಬೆಳಗಾದ ಮೇಲೆ ಅಂಥದ್ದೇನೂ ಆಗಿರಲಿಲ್ಲ. ಕಂಪ್ಯೂಟರ್ ಗೇಮಿನ ದೃಶ್ಯಗಳನ್ನೂ ಯುದ್ಧದ ವೀಡಿಯೊ ಅಂತ ಹಂಚಿದರು. ಗಡಿ ಜಿಲ್ಲೆಯಲ್ಲಿ ಮಗ ಕೆಲಸದಲ್ಲಿರುವ ಮನೆಗಳಲ್ಲಿ ಆ ರಾತ್ರಿ ಹೇಗಿತ್ತು ಅಂತ ಯೋಚಿಸಿ. ನಮ್ಮ ಕರಾವಳಿಯವರ ಅರ್ಧ ಬಂಧುಬಳಗ ಗಲ್ಫ್‌ನಲ್ಲಿದೆ, ಅಲ್ಲಿ ಏನಾದರೂ ಆದರೆ ಆಯಾ ದೇಶದ ಭಾರತೀಯ ರಾಯಭಾರ ಕಚೇರಿಯ ಪುಟ ನೋಡಿ, ಸಹಾಯವಾಣಿ ನಂಬರ್ ಅಲ್ಲಿಂದಲೇ ತಗೊಳ್ಳಿ. ಫಾರ್ವರ್ಡ್ ಆದ ನಂಬರ್ ಬೇಡ.

ಹೆಜ್ಜೆ 9: ಆಟ

ಆಟದ ಸುದ್ದಿ ಸುಲಭ, ಸ್ಕೋರು ಸುಳ್ಳು ಹೇಳುವುದಿಲ್ಲ. 2025ರ ನವೆಂಬರ್ 2ರಂದು ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ದರು. ಶಫಾಲಿ 87, ದೀಪ್ತಿಗೆ 5 ವಿಕೆಟ್. ಇಲ್ಲಿ ಊಹೆಗೆ ಜಾಗವೇ ಇಲ್ಲ, ಓದಿ ಖುಷಿಪಡಿ.

ಜಾಗ್ರತೆ ಬೇಕಾದ್ದು ನಿವೃತ್ತಿ, ಗಾಯ, ಸಾವಿನ ಸುದ್ದಿಗಳಲ್ಲಿ. ಜಿಂಬಾಬ್ವೆಯ ಹೀತ್ ಸ್ಟ್ರೀಕ್ ತೀರಿಕೊಂಡರು ಅಂತ 2023ರ ಆಗಸ್ಟ್‌ನಲ್ಲಿ ಜಗತ್ತೆಲ್ಲ ಬರೆಯಿತು, ಅವರು ಬದುಕಿದ್ದರು. ನಿಜವಾಗಿ ತೀರಿಕೊಂಡದ್ದು ಸೆಪ್ಟೆಂಬರ್ 3ಕ್ಕೆ. ಕುಟುಂಬ ಅಥವಾ ಮಂಡಳಿ ಹೇಳುವ ತನಕ ಕಾಯಿರಿ.

ರಣಜಿ ಓದುವವರಿಗೆ ಒಂದು ಮಾತು. ಲೀಗ್ ಪಂದ್ಯ ಡ್ರಾ ಆದರೂ ಮೊದಲ ಇನಿಂಗ್ಸ್ ಮುನ್ನಡೆಗೆ 3 ಅಂಕ, ಎದುರಾಳಿಗೆ 1. ಪೂರ್ಣ ಗೆಲುವಿಗೆ 6. ಮುಂಬೈ ಕರ್ನಾಟಕ ಪಂದ್ಯ ಇದ್ದ ದಿನ ನಮ್ಮ ಮನೆಗಳಲ್ಲಿ ಅಪ್ಪ ಒಂದು ಕಡೆ, ಇಲ್ಲೇ ಹುಟ್ಟಿದ ಮಕ್ಕಳು ಇನ್ನೊಂದು ಕಡೆ. 2010ರ ಜನವರಿಯಲ್ಲಿ ಮೈಸೂರಿನ ಫೈನಲ್‌ನಲ್ಲಿ ಮುಂಬೈ 6 ರನ್‌ಗಳಿಂದ ಗೆದ್ದದ್ದನ್ನು ಕರ್ನಾಟಕದವರು ಇನ್ನೂ ಮರೆತಿಲ್ಲ.

ಹೆಜ್ಜೆ 10: ಊರಿನವರಿಗೆ ಉತ್ತರ ಕೊಡುವಾಗ

ಟಿವಿಯಲ್ಲಿ "ಮುಂಬೈ ಮುಳುಗಿತು" ಅಂತ ಬಂದ ಕೂಡಲೇ ಕುಂದಾಪುರದಿಂದಲೋ ವಿಜಯಪುರದಿಂದಲೋ ಫೋನು ಬರುತ್ತದೆ. ಆಗ ಟಿವಿ ಕ್ಲಿಪ್ಪನ್ನೇ ತಿರುಗಿ ಕಳಿಸಬೇಡಿ. ಜಾಗ, ಗಂಟೆ, ಹೇಳಿದವರು, ನೀವು ಎಲ್ಲಿದ್ದೀರಿ, ಈ ನಾಲ್ಕನ್ನು ಬರೆಯಿರಿ. ಹೀಗೆ: "ಸಯನ್ ಹತ್ತಿರ ಹಳಿ ಮೇಲೆ ನೀರು, ಬೆಳಗ್ಗೆ 11 ಗಂಟೆ, ಮಧ್ಯ ರೈಲ್ವೆ ಹೇಳಿದ್ದು. ನಾವು ಡೊಂಬಿವಲಿಯಲ್ಲಿ ಮನೆಯಲ್ಲೇ ಇದ್ದೇವೆ." ಸಂಜೆ ರೈಲು ಶುರುವಾದ ಮೇಲೆ ಅದನ್ನೂ ಅದೇ ಗ್ರೂಪಿಗೆ ಹಾಕಿ.